ಉಪ್ಪಿನ ಪಾಠಕ್ಕೆ ಕೂತವನು

"ಬುದ್ಧೀ, ಬೇಸರ ಹುಟ್ಟಿಸುವ ಪಾಠವನ್ನು ಕಲಿಯುವುದು ಹೇಗೆ?"

ಕೇಳಿದವನು ನಿಜಗುಣ. ಮಠದ ವಿದ್ಯಾರ್ಥಿನಿಲಯದಲ್ಲಿ ಇದ್ದುಕೊಂಡು ಪಟ್ಟಣದ ಕಾಲೇಜಿಗೆ ಹೋಗುವ ಹುಡುಗ. ಉಳಿದ ವಿಷಯಗಳೆಲ್ಲ ಅವನಿಗೆ ಸಲೀಸು. ಸಂಖ್ಯಾಶಾಸ್ತ್ರ ಒಂದು ಮಾತ್ರ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹಿಂದಿನ ವರ್ಷ ಅದರಲ್ಲಿ ನಪಾಸಾಗಿದ್ದ. ಈ ಸಲವೂ ನಪಾಸಾದರೆ ಕಾಲೇಜು ಬಿಡಬೇಕು. ಪರೀಕ್ಷೆ ಹತ್ತಿರ ಬಂದಿತ್ತು.

ಗುರುಗಳು ಜಗಲಿಯ ಮೇಲೆ ಕೂತು ಹುರಿದ ಕಡಲೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತದೆ ಕೇಳಿದರು:

"ಏನೇನು ಮಾಡಿ ನೋಡಿದೆ ಮರಿ?"

"ಬೆಳಗಿನ ಜಾವ ಎದ್ದು ಓದಿದೆ ಬುದ್ಧೀ. ತಲೆಗೆ ತಣ್ಣೀರು ಸುರಿದುಕೊಂಡು ಓದಿದೆ. ನಿಂತರೆ ನಿದ್ದೆ ಬರುವುದಿಲ್ಲ ಅಂತ ನಿಂತುಕೊಂಡು ಓದಿದೆ."

"ಆಮೇಲೆ?"

"ನಿಂತೇ ನಿದ್ದೆ ಮಾಡುವುದು ಅಭ್ಯಾಸವಾಯಿತು."

"ಅಂತೂ ಏನೋ ಒಂದು ಕಲಿತೆಯಲ್ಲ, ಸಂತೋಷ," ಎಂದರು ಗುರುಗಳು. "ಮೇಷ್ಟ್ರು ಹೇಗೆ?"

"ಒಳ್ಳೆಯವರೇ. ಆದರೆ ದನಿ ಒಂದೇ ಸಮ. ಜೋರಾಗುವುದಿಲ್ಲ, ನಿಲ್ಲುವುದೂ ಇಲ್ಲ. ನಾವು ಅರವತ್ತು ಜನ ಕೂತು ತಲೆಯಾಡಿಸುತ್ತೇವೆ. ಗಂಟೆ ಹೊಡೆದಾಗ ಎಲ್ಲರೂ ಒಟ್ಟಿಗೆ ಎಚ್ಚರಾಗುತ್ತೇವೆ."

ಗುರುಗಳು ಸಿಪ್ಪೆಯನ್ನು ಒಂದು ಕಡೆಗೆ ಸರಿಸಿದರು. "ಕೂತುಕೊ. ನಡೆದದ್ದನ್ನೇ ಹೇಳುತ್ತೇನೆ," ಎಂದರು.

ನಡೆದದ್ದು ಎಂದು ಅವರು ಹೇಳುವ ಕತೆಗಳಲ್ಲಿ ಊರು ಸಲಕ್ಕೊಂದರಂತೆ ಬದಲಾಗುತ್ತದೆ. ಈ ಸಲ ಊರು ಕಡಲ ತಡಿಯಲ್ಲಿತ್ತು.

ಒಬ್ಬ ಉಪ್ಪಿನ ವ್ಯಾಪಾರಿ ಇದ್ದ. ಸಮುದ್ರದ ನೀರನ್ನು ಗದ್ದೆಗೆ ಬಿಟ್ಟುಕೊಂಡು, ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುವುದು ಅವನ ಮನೆತನದ ಕಸುಬು. ಆ ಗದ್ದೆಗೆ ಆಗರ ಎನ್ನುತ್ತಾರೆ. ಉಪ್ಪಿನ ವಿಷಯದಲ್ಲಿ ಅವನಿಗೆ ತಿಳಿಯದ್ದು ಇರಲಿಲ್ಲ. ಬೇರೆ ವಿಷಯದಲ್ಲಿ ತಿಳಿದದ್ದೂ ಇರಲಿಲ್ಲ. ಯಾರ ಮನೆಯಲ್ಲಾದರೂ ಸಾವಾದರೆ ಸಮಾಧಾನ ಹೇಳಲು ಹೋಗುತ್ತಿದ್ದ. ಹೋದವನು ಉಪ್ಪಿನ ಮಾತಿಗೆ ಇಳಿಯುತ್ತಿದ್ದ. ಸತ್ತವನೇ ಪುಣ್ಯವಂತ ಎಂದು ಮನೆಯವರಿಗೆ ಅನ್ನಿಸುತ್ತಿತ್ತು.

ವ್ಯಾಪಾರಿಗೆ ಒಬ್ಬಳೇ ಮಗಳು. ಆ ಮನೆಯಲ್ಲಿ ಒಂದು ರೂಢಿ ಇತ್ತು. ಮಳೆಗಾಲದಲ್ಲಿ ಆಗರಕ್ಕೆ ಕೆಲಸವಿಲ್ಲ. ಅಳಿಯನಾಗಬೇಕು ಎನ್ನುವವನು ಆ ಮಳೆಗಾಲ ಪೂರ್ತಿ ದಿನಾ ಮಧ್ಯಾಹ್ನ ಬಂದು, ಮಾವನಾಗುವವನ ಎದುರಿಗೆ ಕೂತು ಉಪ್ಪಿನ ಪಾಠ ಕೇಳಬೇಕು. ಮಳೆ ನಿಂತ ಮೇಲೆ ಉಪ್ಪಿನವರ ಕೂಟ ಸೇರುತ್ತದೆ. ಅಲ್ಲಿ ಪರೀಕ್ಷೆ. ಗೆದ್ದರೆ ಹುಡುಗಿ. ಸೋತರೆ ಬಂದ ದಾರಿ.

ಮೊದಲು ಬಂದವನು ಸ್ನಾನ ಮಾಡಿ ಬರುತ್ತೇನೆಂದು ಸಮುದ್ರದ ಕಡೆಗೆ ಹೋದ. ಅವನ ಸ್ನಾನ ಇನ್ನೂ ಮುಗಿದಿಲ್ಲ. ಎರಡನೆಯವನು ಪಾಠದ ನಡುವೆಯೇ ಎದ್ದು ಸನ್ಯಾಸಿಯಾದ. ಈಗ ಉಪ್ಪಿಲ್ಲದ ಊಟ ಮಾಡುತ್ತಾನಂತೆ.

"ಪಾಪ, ಆ ಹುಡುಗಿ ಏನೂ ಅನ್ನಲಿಲ್ಲವೇ ಬುದ್ಧೀ?" ಎಂದ ನಿಜಗುಣ.

"ಅಂದಳು. ಅಪ್ಪನ ಮಾತು ಕೇಳಿಸಿಕೊಳ್ಳಲಾರದವನು ನಾಳೆ ನನ್ನ ಮಾತು ಏನು ಕೇಳಿಸಿಕೊಂಡಾನು ಅಂದಳು. ಮಧ್ಯೆ ಬಾಯಿ ಹಾಕಬೇಡ."

ಮೂರನೆಯವನಾಗಿ ಒಬ್ಬ ತರುಣ ಬಂದ. ಬಳೆ ಮಾರುವವನ ಮಗ. ಅವಳು ಬಳೆ ಇಡಿಸಿಕೊಳ್ಳುವಾಗ ಒಮ್ಮೆ ನಕ್ಕದ್ದನ್ನು ನೋಡಿದ್ದ. ಅಷ್ಟು ಸಾಕಾಗಿತ್ತು. ಹುಟ್ಟಿನಿಂದ ಕೀಟಲೆಯವನು. ಒಂದು ಮಳೆಗಾಲ ತಾನೆ, ಕೂತರೆ ಮುಗಿಯಿತು ಎಂದುಕೊಂಡ.

ಕೂತ. ವ್ಯಾಪಾರಿ ಪಾಠ ಶುರು ಮಾಡಿದ. ಸ್ವಲ್ಪ ಹೊತ್ತಿಗೆ ತರುಣನಿಗೆ ಒಂದು ಉಪಾಯ ಸಿಕ್ಕಿತು. ವ್ಯಾಪಾರಿ ಉಸಿರು ತೆಗೆದುಕೊಂಡಾಗ ತಲೆಯಾಡಿಸುವುದು. ಬೆರಳೆತ್ತಿದಾಗ 'ಓಹೋ' ಎನ್ನುವುದು. ಕೆಮ್ಮಿದಾಗ 'ಹೌದೌದು' ಎನ್ನುವುದು. ಇದರಿಂದ ಇಬ್ಬರಿಗೂ ಅನುಕೂಲವಾಯಿತು. ಹೇಳುವವನ ಕಣ್ಣು ಅರ್ಧ ಮುಚ್ಚಿರುತ್ತಿತ್ತು, ಕೇಳುವವನದು ಮುಕ್ಕಾಲು.

ಒಂದು ದಿನ ಅವನು ಹೊರಡುವಾಗ ಹುಡುಗಿ ಬಾಗಿಲ ಹಿಂದಿನಿಂದ ಕೇಳಿದಳು:

"ಇವತ್ತು ಅಪ್ಪ ಏನು ಹೇಳಿಕೊಟ್ಟರು?"

"ಉಪ್ಪಿನ ವಿಷಯ."

"ಉಪ್ಪಿನ ಯಾವ ವಿಷಯ?"

ತರುಣ ಯೋಚಿಸಿದ. "ಅದು ಉಪ್ಪಗಿರುತ್ತದೆ ಎಂದು."

"ಹೀಗೇ ಆದರೆ ಕೂಟದ ದಿನ ನಿಮಗೆ ಪಾಯಸ ಬಡಿಸುವುದಿಲ್ಲ, ದಾರಿಗೆ ಬುತ್ತಿ ಕಟ್ಟಿಕೊಡುತ್ತೇನೆ," ಎಂದು ಅವಳು ಒಳಗೆ ಹೋದಳು.

ತರುಣನಿಗೆ ಭಯ ಹತ್ತಿತು. ಮರುದಿನದಿಂದ ವ್ಯಾಪಾರಿಯ ಮಾತುಗಳನ್ನು ಬಾಯಿಪಾಠ ಮಾಡತೊಡಗಿದ. ದಾರಿಯುದ್ದಕ್ಕೂ ಉರು ಹೊಡೆದ. ಬಳೆ ಇಡಿಸಿಕೊಳ್ಳಲು ಬಂದ ಹೆಂಗಸರ ಮುಂದೆಯೂ ಹೊಡೆದ. ಅವರು ಅವನಿಗೆ ಏನೋ ಮೆಟ್ಟಿಕೊಂಡಿದೆ ಎಂದು ಮಾತಾಡಿಕೊಂಡರು. ಮಾತುಗಳೆಲ್ಲ ಸಾಲಾಗಿ ಬಾಯಿಗೆ ಬಂದವು. ಆದರೆ ನಡುವಿನಿಂದ ಯಾರಾದರೂ ಒಂದನ್ನು ಕೇಳಿದರೆ ಹೇಳಲು ಆಗುತ್ತಿರಲಿಲ್ಲ. ಮೊದಲಿನಿಂದ ಶುರು ಮಾಡಿ ಅಲ್ಲಿಯವರೆಗೆ ಓಡಿಕೊಂಡು ಬರಬೇಕಾಗಿತ್ತು. ಅಷ್ಟರಲ್ಲಿ ಕೇಳಿದವರು ಮನೆಗೆ ಹೋಗಿರುತ್ತಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ ಜೋರು ಮಳೆ. ತರುಣ ಪಾಠದ ನಡುವೆ ಪೂರ್ತಿ ನಿದ್ದೆಹೋದ. ವ್ಯಾಪಾರಿ ಎಂದೂ ಕೇಳದವನು ಅಂದು ಕೇಳಿಬಿಟ್ಟ:

"ಹರಳು ಕಟ್ಟಿದ ಮೇಲೆ ಆಗರದಲ್ಲಿ ಕೊನೆಗೆ ಉಳಿಯುವ ನೀರನ್ನು ಏನು ಮಾಡಬೇಕು ತಮ್ಮಾ?"

ತರುಣ ಬೆಚ್ಚಿ ಎದ್ದು, "ಒಣಗಿಸಬೇಕು," ಎಂದ.

ವ್ಯಾಪಾರಿ ಕೂತಲ್ಲಿಂದ ಜಿಗಿದ. "ಒಣಗಿಸುವುದಾ! ಯಾವ ತಿರುಬೋಕಿ ಹೇಳಿದ ನಿನಗೆ?"

ನಿದ್ದೆ ಬಂದಿತ್ತು ಎಂದು ಒಪ್ಪಿಕೊಂಡರೆ ಹುಡುಗಿ ಕೈತಪ್ಪುತ್ತಾಳೆ. ತರುಣ ತಪ್ಪನ್ನೇ ಗಟ್ಟಿಯಾಗಿ ಹಿಡಿದುಕೊಂಡ. "ಯಾರು ಯಾಕೆ ಹೇಳಬೇಕು ಯಜಮಾನರೇ? ಆ ನೀರಿನಲ್ಲೂ ಉಪ್ಪು ಇದ್ದೇ ಇರುತ್ತದಲ್ಲ. ಚೆಲ್ಲಿದರೆ ನಷ್ಟವಲ್ಲವೇ?"

"ನಷ್ಟವಾ? ತಡಿ, ನಿನಗೆ ಲಾಭ ತೋರಿಸುತ್ತೇನೆ," ಎಂದು ವ್ಯಾಪಾರಿ ಒಳಗಿನಿಂದ ಒಂದು ಗಡಿಗೆ ತಂದ. ಆಗರದ ಕೊನೆಯ ನೀರನ್ನು ಅದರಲ್ಲಿ ತುಂಬಿ ಇಟ್ಟಿದ್ದ. ಅದರಲ್ಲಿ ಬೆರಳು ಅದ್ದಿ ತರುಣನ ನಾಲಿಗೆಗೆ ಸವರಿದ. ಬೇವು ಅರೆದು ಬಾಯಿಗೆ ತುಂಬಿದ ಹಾಗಾಯಿತು.

"ಇದನ್ನು ಒಣಗಲು ಬಿಟ್ಟರೆ ಈ ಕಹಿಯೆಲ್ಲ ಹರಳಿಗೆ ಹತ್ತುತ್ತದೆ. ಹೊಸ ಉಪ್ಪನ್ನು ರಾಶಿ ಹಾಕಿ ಒಂದಷ್ಟು ಕಾಲ ಬಿಡುವುದು ಯಾಕೆ ಅಂದುಕೊಂಡೆ? ಅಂಟಿಕೊಂಡ ಕಹಿ ಬಸಿದು ಹೋಗಲಿ ಎಂದು. ತಿಳಿಯಿತೋ?"

ತಿಳಿಯಿತು. ಮನೆಗೆ ಹೋಗುವವರೆಗೆ ಉಗುಳುತ್ತಲೇ ಹೋದ. ಎಚ್ಚರಾದ ಮೇಲೆ ಕೇಳಿದ್ದರಲ್ಲಿ ಒಂದು ಅಕ್ಷರವನ್ನೂ ಉರು ಹೊಡೆದಿರಲಿಲ್ಲ. ಆದರೆ ಒಂದನ್ನೂ ಮರೆಯಲಿಲ್ಲ. ಇನ್ನೊಂದನ್ನೂ ಗಮನಿಸಿದ. ವ್ಯಾಪಾರಿಯ ಕಣ್ಣು ಅಂದು ಪೂರ್ತಿ ತೆರೆದಿತ್ತು. ತನ್ನದೂ ಸಹ.

ಕೀಟಲೆಯ ಬುದ್ಧಿಗೆ ಇಷ್ಟು ಸಾಕಲ್ಲವೇ? ದಿನಕ್ಕೊಂದು ತಪ್ಪು ಹೇಳಿ ಮುದುಕನನ್ನು ಕುಣಿಸುತ್ತೇನೆ ಎಂದುಕೊಂಡ.

ಮರುದಿನ ಹೋಗಿ, "ಸಮುದ್ರದ ತಳದಲ್ಲಿ ಉಪ್ಪು ಸಿಹಿಯಾಗಿರುತ್ತದಂತೆ, ಹೌದೇ?" ಎಂದ.

"ಹೋಗೋ ಮೊದ್ದು," ಎಂದು ವ್ಯಾಪಾರಿ ಕಣ್ಣು ಮುಚ್ಚಿಕೊಂಡ. ಪಾಠ ಎಂದಿನ ಹಾಗೆ ಗೊಣಗೊಣ ಸಾಗಿತು.

ಆಗ ತರುಣನಿಗೆ ಗೊತ್ತಾಯಿತು. ಸುಮ್ಮನೆ ತಪ್ಪು ಹೇಳಿದರೆ ನಡೆಯುವುದಿಲ್ಲ. ಮುದುಕ ಜಿಗಿದು ಏಳಬೇಕಾದರೆ ತಪ್ಪು ಸರಿಯ ಪಕ್ಕದ ಮನೆಯಲ್ಲೇ ಇರಬೇಕು. ಕೇಳಿದವನಿಗೆ ಹೌದಲ್ಲ ಎನ್ನಿಸಬೇಕು. ಅಂಥ ತಪ್ಪು ತಯಾರಿಸಬೇಕಾದರೆ ಸರಿ ಯಾವುದೆಂದು ಮೊದಲು ಗೊತ್ತಿರಬೇಕು. ಅದು ಯಾಕೆ ಸರಿ ಎಂದೂ ಗೊತ್ತಿರಬೇಕು. ತಾನು ಹೀಗೆಂದರೆ ಮುದುಕ ಏನೆನ್ನುತ್ತಾನೆ, ಅದಕ್ಕೆ ತಾನು ಏನೆನ್ನಬೇಕು, ಅದನ್ನೂ ಯೋಚಿಸಿಕೊಂಡಿರಬೇಕು. ಸುಳ್ಳು ಹೇಳುವುದು ಇಷ್ಟು ಕಷ್ಟದ ಕಸುಬು ಎಂದು ಅವನಿಗೆ ಅಂದಿನವರೆಗೆ ತಿಳಿದಿರಲಿಲ್ಲ.

"ಅದು ನಿಜ," ಎಂದು ಗುರುಗಳು ನಡುವೆ ಒಂದು ಕಡಲೆಕಾಯಿ ಬಾಯಿಗೆ ಹಾಕಿಕೊಂಡರು. "ಅಭ್ಯಾಸ ಇಲ್ಲದವರಿಗೆ ಆಗುವ ಕೆಲಸವಲ್ಲ."

ಅಂದಿನಿಂದ ತರುಣ ಪಾಠ ಕೇಳುವ ರೀತಿಯೇ ಬೇರೆಯಾಯಿತು. ಎಲ್ಲಿ ಎಡವಬಹುದು, ಯಾವುದನ್ನು ತಲೆಕೆಳಗು ಮಾಡಬಹುದು ಎಂದು ಹುಡುಕಿಕೊಂಡು ಕೇಳುತ್ತಿದ್ದ. ಸಿಗದಿದ್ದರೆ ಇನ್ನಷ್ಟು ಕೆದಕಿ ಕೇಳುತ್ತಿದ್ದ. ಮನೆಗೆ ಹೋಗುವ ದಾರಿಯಲ್ಲಿ ಪಾಠವನ್ನು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಎಲ್ಲಿ ತೊಡರಿದನೋ ಮರುದಿನ ಅಲ್ಲಿಂದಲೇ ಜಗಳ ತೆಗೆಯುತ್ತಿದ್ದ. ಮಾತಿನಲ್ಲಿ ಬಗೆಹರಿಯದ್ದನ್ನು ಮಾಡಿ ನೋಡುತ್ತಿದ್ದ.

ಒಮ್ಮೆ ಹುಡುಗಿಯ ಒಲೆಯ ಹತ್ತಿರ ಎರಡು ಪಾತ್ರೆಗಳಲ್ಲಿ ಉಪ್ಪುನೀರು ತಂದಿಟ್ಟ. ಒಂದನ್ನು ಉರಿಯ ಮೇಲೆ ಇಟ್ಟು ಕುದಿಸಿದ. ಇನ್ನೊಂದನ್ನು ಒಲೆಯ ಪಕ್ಕದ ದಂಡೆಯ ಮೇಲೆ, ಬಿಸಿ ಮೆಲ್ಲಗೆ ತಾಗುವಲ್ಲಿ, ಅಲುಗಾಡಿಸದೆ ಬಿಟ್ಟ.

"ಇದೇನು, ಅಡುಗೆಮನೆಯಲ್ಲೇ ಆಗರ ಶುರುವಾಯಿತೇ?" ಎಂದಳು ಹುಡುಗಿ.

"ನಿಮ್ಮ ಅಪ್ಪನಿಗೆ ನಾಳೆಯ ತಪ್ಪು ಬೇಯುತ್ತಿದೆ."

"ಅವರ ಊಟ ದಿನಾ ಆರಿ ಹೋಗುತ್ತಿದೆ, ಅದು ಗೊತ್ತೇ? ನೀವು ಬರುವ ಹೊತ್ತಿಗಿಂತ ಮುಂಚೆಯೇ ಎದ್ದು ಬಾಗಿಲಲ್ಲಿ ನಿಂತಿರುತ್ತಾರೆ. ನಿನ್ನೆ ಒಬ್ಬರೇ ಕೂತು ನಗುತ್ತಿದ್ದರು. ನನಗೆ ಹೆದರಿಕೆಯಾಯಿತು."

ಕುದಿಸಿದ ಪಾತ್ರೆಯಲ್ಲಿ ಹಿಟ್ಟಿನಂಥ ಉಪ್ಪು ಉಳಿಯಿತು. ದಂಡೆಯ ಮೇಲಿನದು ಒಣಗಲು ಬಹಳ ದಿನ ಹಿಡಿಯಿತು. ಆದರೆ ಅದರ ತಳದಲ್ಲಿ ದಪ್ಪ ದಪ್ಪ ಹರಳು ಕೂತಿದ್ದವು.

ಮಳೆ ನಿಂತಿತು. ಉಪ್ಪಿನವರ ಕೂಟ ಸೇರಿತು. ಹಜಾರದ ತುಂಬ ಹಿರಿಯರು, ಎಲ್ಲರೂ ಉಪ್ಪಿನಲ್ಲೇ ತಲೆ ನರೆತವರು. ಪರೀಕ್ಷೆಯ ಕ್ರಮ ಹಿಂದಿನಿಂದ ಬಂದದ್ದು. ವ್ಯಾಪಾರಿ ಕೊನೆಯ ಸಲ ಪಾಠ ಹೇಳುತ್ತಾನೆ. ಅಳಿಯನಾಗುವವನು ಅದನ್ನು ಹಾಗೆಯೇ ತಿರುಗಿ ಒಪ್ಪಿಸಬೇಕು. ಒಂದು ಮಾತು ಹೆಚ್ಚಾಗಬಾರದು, ಒಂದು ಕಡಿಮೆಯಾಗಬಾರದು.

ವ್ಯಾಪಾರಿ ಗಂಟಲು ಸರಿಮಾಡಿಕೊಂಡು ಶುರು ಮಾಡಿದ. ಅದೇ ಹಳೆಯ ದನಿ, ಅದೇ ಅರ್ಧ ಮುಚ್ಚಿದ ಕಣ್ಣು. ನೀರು ಬಿಡುವ ಕಾಲ ಹೇಳಿದ. ನೆಲ ತುಳಿದು ಗಟ್ಟಿ ಮಾಡುವುದನ್ನು ಹೇಳಿದ. ಹಿರಿಯರು ತಲೆಯಾಡಿಸಿದರು. ಆಮೇಲೆ ಹೇಳಿದ:

"ಜೋರು ಗಾಳಿ, ಉರಿ ಬಿಸಿಲು ಇದ್ದರೆ ಹರಳು ದಪ್ಪವಾಗುತ್ತದೆ. ನಿಧಾನವಾಗಿ ಒಣಗಿದರೆ ಹರಳು ಸಣ್ಣದಾಗುತ್ತದೆ."

ಹಿರಿಯರು ತಲೆಯಾಡಿಸಿದರು.

"ಈಗ ನೀನು ಒಪ್ಪಿಸು ತಮ್ಮಾ."

ತರುಣ ಎದ್ದು ನಿಂತ. ವ್ಯಾಪಾರಿಯ ಮುಖ ನೋಡಿದ. ಮುಖದಲ್ಲಿ ಏನೂ ಇರಲಿಲ್ಲ. ಮುದುಕನಿಗೆ ಮರೆವು ಬಂತೋ ಏನೋ. ಹಾಗಿದ್ದರೆ ತುಂಬಿದ ಕೂಟದಲ್ಲಿ ಅವನನ್ನು ತಿದ್ದುವುದು ಅವಮಾನ. ಅವಮಾನ ಮಾಡಿದವನಿಗೆ ಯಾರು ಹೆಣ್ಣು ಕೊಡುತ್ತಾರೆ? ಕೇಳಿದ್ದನ್ನು ಕೇಳಿದ ಹಾಗೆ ಒಪ್ಪಿಸಿಬಿಟ್ಟರೆ ರೂಢಿಯ ಪ್ರಕಾರ ಗೆದ್ದ ಹಾಗೆ. ಬಾಗಿಲ ಹಿಂದೆ ಬಳೆಯ ಸದ್ದು ನಿಂತಿತ್ತು.

ತರುಣ ಬಾಯಿ ತೆರೆದ. ಒಪ್ಪಿಸಬೇಕೆಂದೇ ತೆರೆದ. ಆದರೆ ಒಂದು ಮಳೆಗಾಲವೆಲ್ಲ ಜಗಳವಾಡಿದ ನಾಲಿಗೆ ಮಾತು ಕೇಳಲಿಲ್ಲ.

"ಅಲ್ಲ ಮಾವಾ, ಅದು ತಪ್ಪು."

ಒಬ್ಬ ಹಿರಿಯ, "ಅಳಿಯ ಆಗುವ ಮುಂಚೆಯೇ ಮಾವನನ್ನು ತಿದ್ದುತ್ತಾನೆ. ಆದ ಮೇಲೆ ಇನ್ನೇನು ಮಾಡುತ್ತಾನೋ!" ಎಂದ.

"ಎಲ್ಲಿ ತಪ್ಪು?" ಎಂದ ವ್ಯಾಪಾರಿ.

"ಗಾಳಿ, ಬಿಸಿಲು ಜೋರಾಗಿದ್ದರೆ ಉಪ್ಪು ಬೇಗ ಬರುತ್ತದೆ, ಹೆಚ್ಚೂ ಬರುತ್ತದೆ. ಆದರೆ ಹರಳು ಸಣ್ಣದು. ದಪ್ಪಗಾಗಲು ಅದಕ್ಕೆ ಸಮಯ ಬೇಕು, ನೀರು ಅಲುಗಬಾರದು. ಬೇಕಾದರೆ ನಿಮ್ಮ ಅಡುಗೆಮನೆಯಲ್ಲಿ ಎರಡು ಪಾತ್ರೆ ಇವೆ, ತರಿಸಿ."

"ಇಷ್ಟು ಹಿರಿಯರು ಹೌದೆಂದು ತಲೆಯಾಡಿಸಿದರಲ್ಲ, ಅವರಿಗೆ ಗೊತ್ತಿಲ್ಲವೇ?"

"ಗೊತ್ತಿದೆ. ಆದರೆ ನಾನು ಮೊದಮೊದಲು ತಲೆ ಆಡಿಸುತ್ತಿದ್ದೆನಲ್ಲ, ಅವರೂ ಹಾಗೇ ಆಡಿಸಿದರು."

ವ್ಯಾಪಾರಿಯ ಮೀಸೆ ಅಲುಗಿತು. ಆಮೇಲೆ ಹೊಟ್ಟೆ ಅಲುಗಿತು. ನಕ್ಕ ನಕ್ಕ, ಹೆಗಲ ಮೇಲಿನ ವಲ್ಲಿಯಿಂದ ಕಣ್ಣು ಒರೆಸಿಕೊಳ್ಳುವವರೆಗೆ ನಕ್ಕ.

"ಮೂರು ದಿನದಿಂದ ಈ ತಪ್ಪನ್ನು ತಯಾರು ಮಾಡಿಟ್ಟುಕೊಂಡಿದ್ದೆ ಕಣಪ್ಪಾ," ಎಂದ. ಹಿರಿಯರ ಕಡೆಗೆ ತಿರುಗಿ, "ಇಷ್ಟು ವರ್ಷ ನಾನು ಏನಂದರೂ ನೀವು ಹೌದೆಂದಿರಿ. ನನ್ನ ಮಾತು ನನಗೇ ಸಾಕಾಗಿ ಹೋಗಿತ್ತು. ಈ ಪುಂಡ ಬಂದ ಮೇಲೆ ಮತ್ತೆ ರುಚಿ ಹತ್ತಿತು," ಎಂದ.

ಮದುವೆಯಾಯಿತು. ಊರಿಗೆಲ್ಲ ಉಪ್ಪು ಕೊಡುವ ಮನೆಯ ಮದುವೆಯಲ್ಲಿ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದರಂತೆ. ಇದಕ್ಕೆ ಮಾತ್ರ ಸಾಕ್ಷಿ ಕೇಳಬೇಡ.

ಗುರುಗಳು ಕತೆ ನಿಲ್ಲಿಸಿದರು. ನಿಜಗುಣ ಮುಂದಕ್ಕೆ ಸರಿದು ಕೂತ.

"ಹಾಗಾದರೆ ನಾನು ಕ್ಲಾಸಿನಲ್ಲಿ ಎದ್ದು ತಪ್ಪು ತಪ್ಪು ಹೇಳಬೇಕೇ ಬುದ್ಧೀ?"

"ಅದಕ್ಕೆ ನೀನು ಕಷ್ಟಪಡುವುದೇನೂ ಬೇಡ, ಈಗಲೇ ಹೇಳುತ್ತಿದ್ದೀಯೆ. ಪಾಠ ಕೇಳಿದ ಮೇಲೆ ಪುಸ್ತಕ ಮುಚ್ಚು. ಬುದ್ಧಿವಂತನೂ ಎಲ್ಲಿ ಮೋಸಹೋಗುತ್ತಾನೆ, ಹುಡುಕು. ನಿನ್ನ ಜೊತೆಯವನನ್ನು ಅಲ್ಲಿ ಬೀಳಿಸಲು ಒಂದು ಗುಂಡಿ ತೋಡು. ಅವನೂ ನಿನಗೊಂದು ತೋಡಲಿ. ಎಲ್ಲಿ, ಸರಾಸರಿ ಎಂದರೇನು ಹೇಳು?"

ನಿಜಗುಣ ಕಣ್ಣು ಮುಚ್ಚಿ ಒಪ್ಪಿಸಿದ. "ಎಲ್ಲವನ್ನೂ ಕೂಡಿಸಿ, ಎಷ್ಟಿವೆಯೋ ಅಷ್ಟರಿಂದ ಭಾಗಿಸಿದರೆ ಬರುವುದು."

"ಸರಿ. ನಮ್ಮ ನಿಲಯದಲ್ಲಿ ತಲೆಗೆ ಸರಾಸರಿ ಎರಡು ಮುದ್ದೆ ಬೀಳುತ್ತದೆ ಎಂದು ಅಡುಗೆಯವನು ಹೇಳುತ್ತಾನೆ. ಅಂದ ಮೇಲೆ ಎಲ್ಲರಿಗೂ ಎರಡು ಸಿಕ್ಕಿತು. ಯಾರೂ ಹಸಿದಿಲ್ಲ. ಹೌದೋ ಅಲ್ಲವೋ?"

ನಿಜಗುಣನ ಕಣ್ಣು ತೆರೆಯಿತು. "ಎಲ್ಲಿಯದು ಬುದ್ಧೀ! ಆ ಕೊಟ್ರೇಶಿ ಒಬ್ಬನೇ ಐದು ಹೊಡೆಯುತ್ತಾನೆ. ಕೊನೆಯ ಪಂಕ್ತಿಯವರಿಗೆ ಒಂದು ಬಂದರೆ ಹೆಚ್ಚು. ಸರಾಸರಿ ಒಂದನ್ನೇ ನೋಡಿದರೆ ಆಗುವುದಿಲ್ಲ. ಯಾರಿಗೆ ಎಷ್ಟು ಹಂಚಿಹೋಗಿದೆ ಎಂದು ನೋಡಬೇಕು. ಒಬ್ಬೊಬ್ಬನದೂ ಎರಡರಿಂದ ಎಷ್ಟು ಆಚೀಚೆ ಇದೆ ಎಂದು..."

ಹೇಳುತ್ತಿದ್ದವನು ನಿಂತ.

"ಮುಂದಿನ ಅಧ್ಯಾಯ ಅದೇ ಬುದ್ಧೀ," ಎಂದ.

"ಇರಬಹುದು, ನಾನು ಓದಿಲ್ಲ," ಎಂದರು ಗುರುಗಳು.

ನಿಜಗುಣ ಎದ್ದು ನಿಂತ. ಪರೀಕ್ಷೆಯನ್ನು ಗೆದ್ದವನ ಹಾಗೆಯೇ ನಿಂತ. ಎರಡು ಹೆಜ್ಜೆ ಹೋಗಿ ತಿರುಗಿ ಬಂದ.

"ಒಂದು ಮಾತು. ಕತೆಯ ವ್ಯಾಪಾರಿ ಎಚ್ಚರಾದ, ಅದು ಆ ಹುಡುಗನ ಅದೃಷ್ಟ. ನಮ್ಮ ಮೇಷ್ಟ್ರು ಹಾಗೆ ಎಚ್ಚರಾಗುವವರಲ್ಲ ಬುದ್ಧೀ. ಎಷ್ಟೋ ವರ್ಷದಿಂದ ಪಾಠ ಹೇಳುತ್ತಾ ಹೇಳುತ್ತಾ ಅವರೇ ಮಲಗಿಬಿಟ್ಟಿದ್ದಾರೆ."

ಗುರುಗಳು ಅವನ ಮುಖ ನೋಡಿದರು.

"ಎದುರಿಗೆ ಕೂತು ತಲೆಯಾಡಿಸಿ ಆಡಿಸಿ ಅವರನ್ನು ಮಲಗಿಸಿದ್ದು ಯಾರು ಮರಿ?"